ತಾಮ್ರ ಬಣ್ಣದ ಒಂದು ಸೆಂಟ್

ಕುವೈತಿನ ಮಂಗಫ್‌ನ ನಮ್ಮ ಕಟ್ಟಡದಲ್ಲಿ ನನ್ನನ್ನು ನಾಣ್ಯದ ಸರ್ ಎಂದು ಕರೆಯುತ್ತಾರೆ. ನಾನು ಮೇಷ್ಟ್ರೂ ಅಲ್ಲ, ದೊಡ್ಡ ಅಧಿಕಾರಿಯೂ ಅಲ್ಲ. ತೈಲ ಘಟಕಗಳಿಗೆ ಪೈಪು ಜೋಡಿಸುವ ಒಂದು ಗುತ್ತಿಗೆ ಕಂಪನಿಯಲ್ಲಿ ನಕ್ಷೆ, ಕಾಗದಪತ್ರಗಳನ್ನು ಕ್ರಮವಾಗಿ ಇಡುವ ಕೆಲಸ ನನ್ನದು. ಬೆಳಗ್ಗೆ ಐದೂವರೆಗೆ ಕಂಪನಿ ಬಸ್ಸು ಬರುತ್ತದೆ, ಸಂಜೆ ಅದೇ ಬಸ್ಸು ತಂದು ಬಿಡುತ್ತದೆ. ಇದರ ನಡುವೆ ನನಗೆ ಇದ್ದ ಒಂದೇ ಗೌರವ ಆ ಹೆಸರು. ಯಾರಿಗೆ ಎಲ್ಲಿ ಹಳೆಯ ನಾಣ್ಯ ಸಿಕ್ಕರೂ ನನ್ನ ಬಾಗಿಲು ತಟ್ಟುತ್ತಿದ್ದರು. ನಾನು ಭೂತಗನ್ನಡಿ ತೆಗೆದು, ದೀಪದ ಕೆಳಗೆ ಹಿಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಮಾತಾಡುತ್ತಿದ್ದೆ. ಆ ಸುಮ್ಮನಿರುವ ಹೊತ್ತು ನನಗೆ ಬಹಳ ಇಷ್ಟವಾಗಿತ್ತು ಎಂದು ಈಗ ಒಪ್ಪಿಕೊಳ್ಳಬೇಕು.

ನನಗೆ ಈ ಗೀಳು ಹತ್ತಿದ್ದು ಚಿತ್ರದುರ್ಗದ ಕಡೆಯ ನಮ್ಮೂರಿನಲ್ಲಿ, ಅಜ್ಜಿಯ ಎಲೆ‌ಅಡಿಕೆ ಚೀಲದಿಂದ. ಅದರ ತಳದಲ್ಲಿ ನಡುವೆ ತೂತಿದ್ದ ಮೂರು ಕಾಸುಗಳಿದ್ದವು. ಎರಡನೆಯ ಮಹಾಯುದ್ಧದ ಕಾಲದಲ್ಲಿ ತಾಮ್ರಕ್ಕೆ ಬರ ಬಂದು, ಲೋಹ ಉಳಿಸಲೆಂದು ಹಾಗೆ ನಡುವೆ ಕೊರೆದು ಮಾಡಿದ ಕಾಸುಗಳು ಅವು. ಅದೇ ಯುದ್ಧ, ಅದೇ ತಾಮ್ರದ ಬರ ಅಮೆರಿಕಕ್ಕೂ ಬಂದಿತ್ತು ಎಂದು ತಿಳಿದದ್ದು ನಾನು ಕುವೈತಿಗೆ ಬಂದ ಮೇಲೆ. ಅವರು ತೂತು ಕೊರೆಯಲಿಲ್ಲ. ತಮ್ಮ ಒಂದು ಸೆಂಟ್ ನಾಣ್ಯವನ್ನು ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಉಕ್ಕಿನಿಂದ ಮಾಡಿ, ಮೇಲೆ ಸತುವು ಬಳಿದರು. ತಾಮ್ರವೆಲ್ಲ ಗುಂಡು ಮದ್ದಿನ ಕಾರ್ಖಾನೆಗೆ ಹೋಯಿತು. ಬೆಳ್ಳಗೆ ಹೊಳೆಯುತ್ತಿದ್ದ ಆ ಸೆಂಟನ್ನು ಜನ ಹತ್ತು ಸೆಂಟಿನ ನಾಣ್ಯವೆಂದು ತಪ್ಪು ತಿಳಿದು ಕೊಟ್ಟು, ತೆಗೆದುಕೊಂಡು ಜಗಳವಾಡಿದರಂತೆ. ಬೇಗ ತುಕ್ಕೂ ಹಿಡಿಯಿತು. ಮರುವರ್ಷವೇ ಸರ್ಕಾರ ತಾಮ್ರಕ್ಕೆ ಮರಳಿತು. ಆ ಉಕ್ಕಿನ ಸೆಂಟು ಇವತ್ತಿಗೂ ರಾಶಿ ರಾಶಿ ಸಿಗುತ್ತದೆ. ಶುಕ್ರವಾರದ ಸಂತೆಯಲ್ಲಿ ಕಂಬಳಿ ಹಾಸಿ ಹಳೆ ಸಾಮಾನು ಮಾರುವವನ ಹತ್ತಿರ ಒಂದು ಚಹಾದ ಬೆಲೆಗೆ ನಾನೇ ಎರಡು ಕೊಂಡಿದ್ದೇನೆ.

ಆದರೆ ಅದೇ ವರ್ಷದ ಕೆಲವೇ ಕೆಲವು ಸೆಂಟುಗಳು ತಾಮ್ರದಲ್ಲೂ ಹುಟ್ಟಿಬಿಟ್ಟವು. ಹಿಂದಿನ ವರ್ಷದ ತಾಮ್ರದ ಬಿಲ್ಲೆಗಳು ಯಂತ್ರದ ಮೂಲೆಯಲ್ಲೆಲ್ಲೋ ಸಿಕ್ಕಿಕೊಂಡಿದ್ದು, ಉಕ್ಕಿನ ಜೊತೆ ಅಚ್ಚಿಗೆ ಬಿದ್ದು ಹೊರಬಂದವು ಎನ್ನುತ್ತಾರೆ. ಅಂಥದೊಂದು ಸಿಕ್ಕರೆ ಲಕ್ಷಗಟ್ಟಲೆ ಡಾಲರು. ಇದನ್ನು ಓದಿದ ದಿನದಿಂದ, ನಾಣ್ಯ ಕೂಡಿಡುವ ಎಲ್ಲರ ಹಾಗೆ ನಾನೂ ತಾಮ್ರದ ಬಣ್ಣದ ಸೆಂಟು ಕಂಡಾಗಲೆಲ್ಲ ಮೊದಲು ಇಸವಿ ನೋಡುತ್ತಿದ್ದೆ.

ನಮ್ಮ ಎದುರು ಮನೆಯಲ್ಲಿ ಮಂಗಳೂರು ಕಡೆಯ ಕೊಂಕಣಿ ಕುಟುಂಬವಿದೆ. ಗಂಡ ರಿಫೈನರಿಯಲ್ಲಿ, ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್. ಆ ನರ್ಸಿನ ದೊಡ್ಡಮ್ಮನ ಮಗಳೊಬ್ಬರು ಸಲ್ವಾ ಬಡಾವಣೆಯ ಒಂದು ಕುವೈತಿ ಮನೆಯಲ್ಲಿ ಅಡುಗೆಗೆ ಇದ್ದರು. ಐವತ್ತೈದರ ಹೆಂಗಸು, ಗಂಡನನ್ನು ಕಳೆದುಕೊಂಡವರು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಆ ಮನೆಯಲ್ಲಿ ಹನ್ನೊಂದು ವರ್ಷದಿಂದ ಇದ್ದರು. ಅಡುಗೆ ಎಂದು ಸೇರಿದರೂ ಕೊನೆಕೊನೆಗೆ ಅವರ ಮುಖ್ಯ ಕೆಲಸ ಆ ಮನೆಯ ಮುದುಕರನ್ನು ನೋಡಿಕೊಳ್ಳುವುದಾಗಿತ್ತು. ಮುದುಕರಿಗೆ ಎಂಬತ್ತು ದಾಟಿತ್ತು. ಹರೆಯದಲ್ಲಿ ಅಮೆರಿಕದಲ್ಲಿ ಓದಿ ಬಂದವರು. ಈಗ ನೆನಪು ಬಂದು ಹೋಗಿ ಮಾಡುತ್ತಿತ್ತು. ಬೇರೆ ಯಾರು ಉಣಿಸಿದರೂ ಬಾಯಿ ಬಿಗಿಹಿಡಿಯುತ್ತಾರೆ, ನಾನು ಕೊಟ್ಟರೆ ತಿನ್ನುತ್ತಾರೆ ಎಂದು ಅಕ್ಕ ಹೇಳುವಾಗ ದೂರೂ ಇರುತ್ತಿತ್ತು, ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ಶುಕ್ರವಾರ ಅವರಿಗೆ ರಜೆ. ಬೆಳಗ್ಗೆ ಚರ್ಚಿನ ಪೂಜೆ ಮುಗಿಸಿ ತಂಗಿಯ ಮನೆಗೆ ಬರುತ್ತಿದ್ದರು. ಅಂಥ ಒಂದು ಶುಕ್ರವಾರ ಮಧ್ಯಾಹ್ನ ಊಟವಾದ ಮೇಲೆ ನನ್ನನ್ನು ಕರೆಸಿದರು. ಕರವಸ್ತ್ರದ ಗಂಟು ಬಿಚ್ಚಿ ಒಂದು ನಾಣ್ಯವನ್ನು ಮೇಜಿನ ಮೇಲಿಟ್ಟರು.

"ಸರ್, ಇದು ಎಂತದ್ದು ಅಂತ ಸ್ವಲ್ಪ ನೋಡ್ತೀರಾ? ಮೊನ್ನೆ ಬಾಬಾ ಒಳಗಿನ ಕೋಣೆಗೆ ಹೋಗಿ ಮುಷ್ಟಿಯಲ್ಲಿ ಹಿಡ್ಕೊಂಡು ಬಂದ್ರು. 'ಯಲ್ಲಾ, ಲೇಲೋ' ಅಂತ ನನ್ನ ಕೈಗೆ ಹಾಕಿದ್ರು. ಬೇಡ ಅಂದ್ರೆ ಅವರಿಗೆ ಸಿಟ್ಟು ಬರ್ತದೆ. ಬೆಲೆ ಇರುವಂಥದ್ದಾದ್ರೆ ನಂಗೆ ಬೇಡ. ಮೇಡಂಗೆ ಕೊಟ್ಟುಬಿಡ್ತೇನೆ."

ಬಾಬಾ ಎಂದರೆ ಆ ಮುದುಕರು, ಮೇಡಂ ಎಂದರೆ ಅವರ ಮಗಳು. ಆ ಮನೆಯ ಆಡಳಿತ ಅವರ ಕೈಯಲ್ಲಿತ್ತು.

ನಾಣ್ಯ ಕೈಗೆತ್ತಿಕೊಂಡೆ. ಒಂದು ಬದಿಯಲ್ಲಿ ಆ ದೇಶದ ಹಳೆಯ ಅಧ್ಯಕ್ಷರೊಬ್ಬರ ಗಡ್ಡದ ಮುಖ, ಇನ್ನೊಂದು ಬದಿಯಲ್ಲಿ ಬಾಗಿದ ಎರಡು ಗೋಧಿ ತೆನೆ. ತಾಮ್ರದ ಬಣ್ಣ. ಇಸವಿ ನಲವತ್ತಮೂರು.

ಆಗ ನನಗೆ ಏನಾಯಿತು ಎಂದು ಸರಿಯಾಗಿ ಹೇಳುವುದು ಕಷ್ಟ. ಕಿವಿ ಬಿಸಿಯಾಯಿತು. ಭೂತಗನ್ನಡಿಯಲ್ಲಿ ಮೂರು ಸಲ ನೋಡಿದೆ. ಕೋಣೆಯಲ್ಲಿದ್ದವರೆಲ್ಲ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ನನ್ನ ಮಾಮೂಲಿನಂತೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಯುದ್ಧದ ಕತೆ, ಉಕ್ಕಿನ ಕತೆ, ಯಂತ್ರದ ಮೂಲೆಯಲ್ಲಿ ಸಿಕ್ಕಿಕೊಂಡ ಬಿಲ್ಲೆಗಳ ಕತೆ ಎಲ್ಲ ಹೇಳಿದೆ. ಇಂಥ ಒಂದು ಸೆಂಟಿನ ಬೆಲೆ ಎಷ್ಟು ಎಂದೂ ಹೇಳಿದೆ. ನರ್ಸ್ ತಂಗಿ ಬಾಯಿಗೆ ಕೈ ಇಟ್ಟುಕೊಂಡರು.

ಅಕ್ಕ ಮಾತ್ರ ಹೆದರಿದರು. "ಹಾಗಾದ್ರೆ ಇವತ್ತೇ ತಗೊಂಡು ಹೋಗಿ ಮೇಡಂ ಕೈಗೆ ಕೊಡ್ತೇನೆ ಸರ್. ಇಷ್ಟು ದೊಡ್ಡದು ನನ್ನ ಹತ್ರ ಇರುವುದು ಬೇಡ."

"ಒಂದು ವಾರ ನನ್ನ ಹತ್ತಿರ ಇರಲಿ," ಎಂದೆ. "ಪರೀಕ್ಷೆ ಮಾಡ್ದೆ ಕೊಟ್ರೆ ಅವರಿಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಎಲ್ಲಾ ಖಚಿತ ಮಾಡ್ಕೊಂಡು ಕೊಡೋಣ."

"ಬೇಡ ಸರ್."

"ನನ್ನ ಮೇಲೆ ನಂಬಿಕೆ ಇಲ್ವಾ ಅಕ್ಕ?"

ಆ ಪ್ರಶ್ನೆಗೆ ಅವರು ಏನು ಹೇಳಬೇಕು? ಬಿಟ್ಟು ಹೋದರು. ಅಂಥದನ್ನು ಒಂದು ವಾರ ನನ್ನ ಮನೆಯಲ್ಲಿ ಇಟ್ಟುಕೊಳ್ಳಬೇಕೆಂಬ ಆಸೆಯೊಂದೇ ಅದರ ಹಿಂದೆ ಇತ್ತು. ಮಾರುವ ಯೋಚನೆ ನನಗಿರಲಿಲ್ಲ, ಅಷ್ಟು ಮಾತ್ರ ನಿಜ. ಉಳಿದದ್ದಕ್ಕೆ ನನ್ನಲ್ಲಿ ಸಮಜಾಯಿಷಿ ಇಲ್ಲ.

ಅವರನ್ನು ಕರೆದೊಯ್ಯಲು ಆ ಮನೆಯ ಡ್ರೈವರ್ ಬಂದಿದ್ದ. ಪುತ್ತೂರು ಕಡೆಯ ಬ್ಯಾರಿ, ನಗುಮುಖದ ಮನುಷ್ಯ. ನಾನೂ ಕೆಳಗೆ ಇಳಿದು ಹೋದೆ. ಇಳಿಯಬೇಕಾದ ಅಗತ್ಯವಿರಲಿಲ್ಲ, ಆದರೆ ಅವತ್ತು ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

"ಅಕ್ಕನ್ನ ಹುಷಾರಾಗಿ ಕರ್ಕೊಂಡು ಹೋಗಪ್ಪ," ಎಂದೆ. "ಇನ್ಮೇಲೆ ಇವರು ಲಕ್ಷಾಧೀಶ್ವರಿ."

"ಹೌದಾ ಸರ್? ಎಂತ, ಲಾಟರಿಯಾ?"

"ನಿಮ್ಮ ಬಾಬಾ ಕೊಟ್ಟ ಒಂದು ಪೈಸೆ. ಅಮೆರಿಕದ್ದು."

ಅಕ್ಕ ಕಾರಿನೊಳಗಿಂದ ನನ್ನನ್ನು ನೋಡಿದರು. ಡ್ರೈವರ್ ನಗುತ್ತಾ ಬಾಗಿಲು ಹಾಕಿದ.

ಅದೇ ಸಂಜೆ ಅಡುಗೆಮನೆಯಲ್ಲಿ ನನ್ನ ಹೆಂಡತಿಗೆ ನಾಣ್ಯ ತೋರಿಸಿದೆ. ಇಂಥದರ ಮೊದಲ ಪರೀಕ್ಷೆ ಅಯಸ್ಕಾಂತ. ಇಷ್ಟು ದೊಡ್ಡ ಹೆಸರಿನ ನಾಣ್ಯಕ್ಕೆ ನಕಲು ಇಲ್ಲದೆ ಇರುತ್ತದೆಯೇ? ಉಕ್ಕಿನ ಸೆಂಟಿಗೆ ತಾಮ್ರ ಬಳಿದು ಮಾರುವವರು ಮೊದಲಿಂದಲೂ ಇದ್ದಾರೆ. ನಲವತ್ತೆಂಟರ ಸೆಂಟಿನ ಎಂಟನ್ನು ಕೆರೆದು ಮೂರು ಮಾಡುವವರೂ ಇದ್ದಾರೆ. ತಾಮ್ರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಉಕ್ಕು ಅಂಟುತ್ತದೆ. ಇದು ಮೊದಲ ಪಾಠ. ಇದನ್ನು ಆ ಮಧ್ಯಾಹ್ನವೇ, ಬಾಯಿ ತೆರೆಯುವ ಮುಂಚೆ ಮಾಡಬೇಕಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅಯಸ್ಕಾಂತವನ್ನು ತೆಗೆದು ಹತ್ತಿರ ತಂದೆ. ನಾಣ್ಯ ಟಕ್ ಎಂದು ಹಾರಿ ಅಂಟಿಕೊಂಡಿತು.

ಮಗಳು ಹಿಂದೆಯೇ ನಿಂತಿದ್ದಳು. "ಇಟ್ಸ್ ಸ್ಟಿಕಿಂಗ್, ಅಪ್ಪಾ. ಸೋ ಇಟ್ಸ್ ಫೇಕ್?" ಎಂದಳು.

ಹೆಂಡತಿ ಕೈ ಒರೆಸಿಕೊಂಡು ನನ್ನ ಫೋನನ್ನು ತಂದು ಮುಂದಿಟ್ಟಳು.

"ಈಗ್ಲೇ ಹೇಳಿಬಿಡ್ರಿ. ಪಾಪ, ಆ ಹೆಂಗಸು ಹೆದರಿಕೊಂಡು ಹೋಗಿದೆ."

"ನಾಳೆ ತೂಕ ನೋಡಿಸ್ತೀನಿ. ಒಂದೇ ಪರೀಕ್ಷೆ ಸಾಲದು."

"ಅಂಟಿದ ಮೇಲೆ ಇನ್ನೇನು ತೂಕ?"

ಅವಳ ಮಾತು ಸರಿ. ನನಗೂ ಗೊತ್ತಿತ್ತು. ಆದರೆ ಮಧ್ಯಾಹ್ನ ಅಷ್ಟು ಜನರ ಮುಂದೆ ಅಷ್ಟು ದೊಡ್ಡ ಮಾತಾಡಿ, ಸಂಜೆಯಾಗುವಷ್ಟರಲ್ಲಿ ಅಯ್ಯೋ ತಪ್ಪಾಯಿತು ಎಂದು ಹೇಳಲು ನನ್ನ ನಾಲಿಗೆ ಏಳಲಿಲ್ಲ. ಮುಂದಿನ ಶುಕ್ರವಾರ ಅಕ್ಕ ಬಂದಾಗ ನಿಧಾನವಾಗಿ, ಇನ್ನೊಂದು ಕತೆ ಕಟ್ಟಿ, ನನ್ನ ಮರ್ಯಾದೆ ಉಳಿಯುವ ಹಾಗೆ ಹೇಳಿದರಾಯಿತು ಎಂದುಕೊಂಡೆ. ಶನಿವಾರ ಫಹಾಹೀಲಿನ ಚಿನ್ನದ ಅಂಗಡಿಗೆ ಹೋಗಿ ತೂಕ ಹಾಕಿಸಿದೆ. ತಾಮ್ರದ ಸೆಂಟು ಮೂರು ಗ್ರಾಮಿಗೆ ಸ್ವಲ್ಪ ಮೇಲಿರಬೇಕು. ಇದು ಮೂರಕ್ಕೂ ಕಡಿಮೆ ತೂಗಿತು. ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಆದರೂ ಫೋನ್ ಮಾಡಲಿಲ್ಲ. ಭಾನುವಾರ ಮಾಡಲಿಲ್ಲ. ಸೋಮವಾರವೂ ಮಾಡಲಿಲ್ಲ.

ಮಂಗಳವಾರ ಮಧ್ಯಾಹ್ನ ಕಚೇರಿಯಲ್ಲಿದ್ದಾಗ ಅಕ್ಕನೇ ಫೋನ್ ಮಾಡಿದರು. ದನಿ ಸಣ್ಣದಾಗಿತ್ತು. ಡ್ರೈವರ್ ನಾನು ಹೇಳಿದ್ದನ್ನು ತಮಾಷೆಯೆಂದು ಆ ಮನೆಯ ಅಡುಗೆಮನೆಯಲ್ಲಿ ಹೇಳಿದ್ದನಂತೆ. ಅದು ಮೇಡಂ ಕಿವಿಗೆ ಬಿದ್ದಿದೆ.

"ಬಾಬಾನ ಲಕ್ಷ ರೂಪಾಯಿಯ ನಾಣ್ಯ ಎಲ್ಲಿ ಅಂತ ಕೇಳಿದ್ರು ಸರ್. ಮಂಗಫ್‌ನಲ್ಲಿ ಒಬ್ಬರು ಸರ್ ಹತ್ರ ಉಂಟು, ನೋಡ್ಲಿಕ್ಕೆ ಕೊಟ್ಟಿದ್ದೇನೆ ಅಂತ ಹೇಳಿದೆ. 'ನನ್ನನ್ನು ಕೇಳದೆ ಹೊರಗೆ ಬೆಲೆ ಕೇಳ್ಲಿಕ್ಕೆ ಯಾಕೆ ಕೊಟ್ಟೆ' ಅಂತ ಅವರು. ಇವತ್ತು ಡ್ರೈವರ್ ಬರ್ತಾನೆ, ಅವನ ಕೈಯಲ್ಲಿ ಕೊಟ್ಟುಬಿಡಿ. ಸರ್, ಅದು ನಿಜವಾಗ್ಲೂ ಅಷ್ಟು ಬೆಲೆಯದ್ದಾ?"

ನನ್ನ ಮೇಜಿನ ಸುತ್ತ ಮೂವರು ಸಹೋದ್ಯೋಗಿಗಳಿದ್ದರು. ಆ ನೆಪವನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರು ಯಾರಿಗೂ ಕನ್ನಡ ಬರುತ್ತಿರಲಿಲ್ಲ.

"ಇನ್ನೂ ಖಚಿತ ಆಗಿಲ್ಲ ಅಕ್ಕ," ಎಂದೆ.

ಸಂಜೆ ಡ್ರೈವರ್ ಬಂದ. ಅವನ ಮುಖದಲ್ಲಿ ನಗುವಿರಲಿಲ್ಲ. "ನಾನು ಸುಮ್ನೆ ಹೇಳಿದ್ದು ಸರ್, ಹೀಗಾಗ್ತದೆ ಅಂತ ಗೊತ್ತಿರ್ಲಿಲ್ಲ," ಎಂದ. ನಾಣ್ಯವನ್ನು ಒಂದು ಲಕೋಟೆಗೆ ಹಾಕಿ ಅವನ ಕೈಗೆ ಕೊಟ್ಟೆ. ಲಕೋಟೆಯ ಮೇಲೆ 'ಇದು ನಕಲಿ, ಇದಕ್ಕೆ ಬೆಲೆಯಿಲ್ಲ' ಎಂದು ಒಂದು ಸಾಲು ಇಂಗ್ಲಿಷಿನಲ್ಲಿ ಬರೆಯಬಹುದಿತ್ತು. ಪೆನ್ನು ಜೇಬಿನಲ್ಲೇ ಇತ್ತು. ನಾಣ್ಯ ಮನೆಯಿಂದ ಹೊರಗೆ ಹೋಯಿತಲ್ಲ ಎಂಬ ನಿರಾಳದಲ್ಲಿ ಬಾಗಿಲು ಹಾಕಿಕೊಂಡೆ.

ಆ ಶುಕ್ರವಾರ ಅಕ್ಕ ಬರಲಿಲ್ಲ. ಎದುರು ಮನೆಯ ನರ್ಸ್ ತಂಗಿ ನಮ್ಮ ಮನೆಗೆ ಬಂದು ಕೂತು ಅತ್ತರು. ಅಕ್ಕನ ಇಕಾಮಾ, ಅಂದರೆ ಇಲ್ಲಿನ ವಾಸದ ಪರವಾನಗಿ, ಮುಂದಿನ ತಿಂಗಳು ಮುಗಿಯುತ್ತದೆ, ಈ ಸಲ ನವೀಕರಿಸುವುದಿಲ್ಲ ಎಂದು ಮೇಡಂ ಹೇಳಿದ್ದಾರೆ. ಬೈದಿಲ್ಲ, ಪೊಲೀಸಿಗೆ ಹೇಳಿಲ್ಲ. ಬರಬೇಕಾದದ್ದೆಲ್ಲ ಕೊಟ್ಟು ಟಿಕೆಟ್ ಮಾಡಿಸಿ ಕಳಿಸುತ್ತಾರಂತೆ. ನಂಬಿಕೆ ಹೋದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ ಎಂದರಂತೆ.

ಅವರು ಹೋದ ಮೇಲೆ ಹೆಂಡತಿ ನನ್ನ ಕಡೆ ತಿರುಗಿದಳು. "ನೀವು ಹೋಗ್ತೀರೋ, ನಾನು ಹೋಗ್ಲೋ?" ಎಂದಳು. ಅಷ್ಟೇ ಮಾತು.

ಮರುದಿನ ಸಲ್ವಾಕ್ಕೆ ಹೋದೆ. ಜೇಬಿನಲ್ಲಿ ಅಯಸ್ಕಾಂತವಿತ್ತು. ದೊಡ್ಡ ಮನೆ, ತಣ್ಣಗಿನ ಹಜಾರ. ಮುದುಕರು ಗಾಲಿಕುರ್ಚಿಯಲ್ಲಿ ಟಿ.ವಿ. ಮುಂದೆ ಕೂತಿದ್ದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಮೇಡಂ ಗಂಭೀರ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರು, ಒಳ್ಳೆಯ ಇಂಗ್ಲಿಷಿನಲ್ಲಿ ಕೂರಲು ಹೇಳಿ ಚಹಾ ತರಿಸಿದರು. ನಾನು ಬಂದ ಕಾರಣ ಹೇಳಿ ಆ ನಾಣ್ಯ ಕೇಳಿದೆ. ಅವರು ಅದೇ ಲಕೋಟೆ ತಂದರು. ಅವರ ಕಣ್ಣೆದುರಿಗೆ ಅಯಸ್ಕಾಂತ ಹಿಡಿದೆ. ಟಕ್ ಎಂದಿತು.

"ಇದು ನಕಲಿ, ಮೇಡಂ. ಉಕ್ಕಿಗೆ ತಾಮ್ರ ಬಳಿದದ್ದು. ಇದಕ್ಕೆ ಏನೂ ಬೆಲೆಯಿಲ್ಲ. ಬೆಲೆಯ ಮಾತಾಡಿದವನು ನಾನು. ಇವರು ಅವತ್ತೇ ನಿಮಗೆ ಕೊಡ್ತೀನಿ ಅಂದ್ರು, ನಾನೇ ಬಿಡಲಿಲ್ಲ."

"ನಿಮಗೆ ನಕಲಿ ಅಂತ ಯಾವಾಗ ಗೊತ್ತಾಯಿತು?" ಮೇಡಂ ಕೇಳಿದರು.

"ನಿನ್ನೆ," ಎಂದೆ.

ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು.

"ಮೊದಲ ದಿನವೇ ಯಾರಾದರೂ ಹೀಗೆ ಹೇಳಿದ್ದರೆ ಇದು ಇಷ್ಟು ದೂರ ಬರುತ್ತಿರಲಿಲ್ಲ," ಎಂದರು ಮೇಡಂ. ಅವರ ದನಿ ಸ್ವಲ್ಪ ಸಡಿಲಾಗಿತ್ತು. ಎಲ್ಲ ಸರಿಹೋಗುತ್ತದೆ ಎಂದು ಆ ಗಳಿಗೆಯಲ್ಲಿ ನನಗೆ ಅನಿಸಿತು.

ಅಷ್ಟರಲ್ಲಿ ಮುದುಕರು ಕೈ ಚಾಚಿದರು. ಮೇಡಂ ನಾಣ್ಯವನ್ನು ಅವರ ಅಂಗೈಯಲ್ಲಿಟ್ಟರು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಸಣ್ಣಗೆ ನಗತೊಡಗಿದರು. ನಾನು ಹಿಂದಿಯವನು ಎಂದು ತಿಳಿದೋ ಏನೋ, ಹಳೆಯ ಕಾಲದ ಕುವೈತಿಗಳ ಹಾಗೆ ಮುರುಕು ಹಿಂದಿ ಬೆರೆಸಿದ ಇಂಗ್ಲಿಷಿನಲ್ಲಿ ನನಗೇ ಹೇಳತೊಡಗಿದರು.

"ಇದು ನಾನು ಮಾಡಿದ್ದು. ಕಾಲೇಜಿನ ಲ್ಯಾಬಿನಲ್ಲಿ. ನೀಲಿ ನೀರು, ಬ್ಯಾಟರಿ, ಎರಡು ತಂತಿ. ನನ್ನ ಸ್ನೇಹಿತನೂ ನಾನೂ ಎರಡು ಮಾಡಿದೆವು. ಅವನು ಅವನದನ್ನು ಒಬ್ಬ ಮೇಷ್ಟರಿಗೆ ತೋರಿಸಿ ಇಡೀ ದಿನ ಮೋಸ ಮಾಡಿದ."

ನೀಲಿ ನೀರು ಎಂದರೆ ಮೈಲುತುತ್ತದ ನೀರು. ಉಕ್ಕಿನ ಮೇಲೆ ತಾಮ್ರ ಕೂರಿಸುವ ಸುಲಭದ ವಿದ್ಯೆ. ಓದಿನ ದಿನಗಳ ಹುಡುಗಾಟಕ್ಕೆ ಮಾಡಿದ್ದನ್ನು ನಾನು ಲಕ್ಷ ಡಾಲರಿನದೆಂದು ಸಾರಿದ್ದೆ. ಮೇಡಂ ತಂದೆಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು. ಮುದುಕರು ಇಷ್ಟು ಉದ್ದ ಮಾತಾಡಿ ಎಷ್ಟೋ ತಿಂಗಳಾಗಿತ್ತು ಎಂದು ಮಗಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ನಿನ್ನದೇನು ಮಾಡಿದೆ ಬಾಬಾ?" ಮೇಡಂ ಇಂಗ್ಲಿಷಿನಲ್ಲೇ ಕೇಳಿದರು.

"ನಿನ್ನ ಅಮ್ಮನಿಗೆ ತಂದುಕೊಟ್ಟೆ. ಇಡೀ ಅಮೆರಿಕದಲ್ಲಿ ಇಂಥದು ಒಂದೇ ಇರೋದು ಅಂದೆ. ಅವಳು ನಂಬಲಿಲ್ಲ. ಆದರೂ ತನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡಳು."

ಮೇಡಂ ಮುಖದ ಮೇಲಿನ ನಗು ನಿಂತಿತು. "ಅಮ್ಮನ ಪೆಟ್ಟಿಗೆಯಲ್ಲಿ ಇತ್ತಾ ಇದು?"

"ಮತ್ತೆಲ್ಲಿ?"

ಅವರು ಅಕ್ಕನ ಕಡೆ ಒಮ್ಮೆ ನೋಡಿ, ತಂದೆಯನ್ನು ಮೆಲ್ಲಗೆ ಕೇಳಿದರು. "ಅದನ್ನು ನೀನು ಇವಳಿಗೆ ಕೊಟ್ಟೆಯಾ ಬಾಬಾ?"

ಮುದುಕರು ಅಕ್ಕನನ್ನು ನೋಡಿದರು. ನಿತ್ಯ ತಮಗೆ ಅನ್ನ ಕಲಸಿ ಕೊಡುವ ಹೆಂಗಸನ್ನು ಒಂದು ಕ್ಷಣ ಹೊಸಬರ ಹಾಗೆ ನೋಡಿದರು. "ನಾನು ಯಾಕೆ ಕೊಡಲಿ?" ಎಂದರು. "ಅದು ಅವಳದಲ್ಲವಾ." ಅವಳು ಎಂದರೆ ತೀರಿಕೊಂಡ ಹೆಂಡತಿ.

ಅಕ್ಕ ಅರಬ್ಬಿಯಲ್ಲಿ ಏನೋ ಎರಡು ಮಾತು ಹೇಳಿದರು. ಮೇಡಂ ಕೈ ಎತ್ತಿ "ಖಲಾಸ್" ಎಂದರು, ಗಟ್ಟಿಯಾಗಿ ಅಲ್ಲ. ನನ್ನನ್ನು ಬಾಗಿಲವರೆಗೆ ಬಿಟ್ಟು ಹೇಳಿದರು: "ನೀವು ಒಳ್ಳೆಯ ಮನಸ್ಸಿನಿಂದ ಬಂದಿರಿ, ಅದು ನನಗೆ ತಿಳಿಯುತ್ತದೆ. ಅದು ಬೆಲೆಯಿಲ್ಲದ್ದು ಅಂದಾಗ ಇಲ್ಲಿಗೆ ಬಿಡೋಣ ಅಂದುಕೊಂಡಿದ್ದೆ. ಆದರೆ ಅದು ನನ್ನ ತಾಯಿಯ ಕೋಣೆಯಿಂದ ಹೋಗಿದೆ."

ಸರಿಪಡಿಸಲು ಹೋದವನು ಉಳಿದಿದ್ದ ಒಂದು ದಾರಿಯನ್ನೂ ಮುಚ್ಚಿ ಬಂದಿದ್ದೆ. ಒಂದು ವಾರ ಮುಂಚೆ, ಒಂದು ಫೋನಿನಲ್ಲಿ, ಅದು ಆಟದ ಸಾಮಾನು ಅಕ್ಕ, ಕೊಟ್ಟುಬಿಡಿ ಎಂದಿದ್ದರೆ ಈ ಪೆಟ್ಟಿಗೆಯ ಮಾತು ಏಳುತ್ತಲೇ ಇರಲಿಲ್ಲ.

ಹತ್ತು ದಿನದ ಮೇಲೆ ಅಕ್ಕ ಊರಿಗೆ ಹೊರಟರು. ಹೋಗುವ ಮುನ್ನ ಒಂದು ಹಗಲು ತಂಗಿಯ ಮನೆಯಲ್ಲಿ ಇರಲು ಬಿಟ್ಟಿದ್ದರು. ಸೂಟ್‌ಕೇಸಿಗೆ ಹಗ್ಗ ಕಟ್ಟಲು ನನ್ನನ್ನು ಕರೆದರು. ನಾನು ತಲೆ ಬಗ್ಗಿಸಿ ಹಗ್ಗ ಬಿಗಿಯುತ್ತಿದ್ದೆ.

"ನೀವು ಬೇಜಾರು ಮಾಡ್ಬೇಡಿ ಸರ್," ಎಂದರು. "ಯಾರು ಬರ್ತಾರೆ ಹೇಳಿ, ನಮ್ಮಂಥವರಿಗೋಸ್ಕರ ಆ ಮನೆಯ ತನಕ? ಗೊತ್ತಾದ ಮರುದಿನವೇ ಓಡಿ ಬಂದ್ರಲ್ಲ. ನಾನು ಮರೆಯುವುದಿಲ್ಲ."

ನಾನು ಹಗ್ಗಕ್ಕೆ ಇನ್ನೊಂದು ಗಂಟು ಹಾಕಿದೆ. ನನ್ನ ಹೆಂಡತಿ ಅಲ್ಲೇ ನಿಂತಿದ್ದಳು. ಅವಳು ನನ್ನ ಮುಖ ನೋಡಿ, ತಿರುಗಿ, ಒಳಗೆ ಹೋದಳು. ಆ ವಿಷಯ ಅವಳು ಆಮೇಲೆ ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ಐದು ತಿಂಗಳು ಕಳೆಯಿತು. ಒಂದು ಸಂಜೆ ಗೊತ್ತಿಲ್ಲದ ಸಂಖ್ಯೆಯಿಂದ ಫೋನ್ ಬಂತು. ಸಲ್ವಾದ ಮೇಡಂ. ನನ್ನ ನಂಬರನ್ನು ಡ್ರೈವರ್ ಕೊಟ್ಟಿದ್ದ. ಆ ವಾರ ಅವರ ತಂದೆ ಒಳಗಿನ ಕೋಣೆಗೆ ಹೋಗಿ, ಹೆಂಡತಿಯ ಚಿನ್ನದ ಕೈಗಡಿಯಾರ ತಂದು, ಲೇಲೋ ಎಂದು ಡ್ರೈವರ್ ಕೈಗೆ ತುರುಕಿದ್ದರಂತೆ. ಅವನು ಅದನ್ನು ನೇರವಾಗಿ ಮೇಡಂ ಹತ್ತಿರ ತಂದು, ಅಕ್ಕನಿಗೂ ಹೀಗೇ ಆಗಿತ್ತು ಎಂದನಂತೆ.

"ಆಕೆಯ ಊರಿನ ನಂಬರು ಬೇಕು," ಎಂದರು. ಆಮೇಲೆ, "ಅವಳು ಹೋದ ಮೇಲೆ ಒಂದು ತಿಂಗಳು ನನ್ನ ತಂದೆ ಸರಿಯಾಗಿ ಊಟ ಮಾಡಲಿಲ್ಲ. ದಿನಾ ಅಡುಗೆಮನೆಯ ಬಾಗಿಲು ನೋಡುತ್ತಿದ್ದರು. ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ಆಹಾರ ಕೊಡಬೇಕಾಯಿತು," ಎಂದರು.

ನಂಬರು ಕೊಟ್ಟೆ. ಮೇಡಂ ಅಕ್ಕನ ಕ್ಷಮೆ ಕೇಳಿ, ವೀಸಾ ಕಳಿಸುತ್ತೇನೆ, ವಾಪಸು ಬಾ ಎಂದರಂತೆ. ಅಕ್ಕ ಒಪ್ಪಲಿಲ್ಲ. ಆ ಹೊತ್ತಿಗೆ ಅವರು ಮಂಗಳೂರಿನಲ್ಲಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ಒಂದು ಹಾಸ್ಟೆಲ್ಲಿನ ಅಡುಗೆಗೆ ಸೇರಿದ್ದರು. ಮತ್ತೆ ವಿಮಾನ ಹತ್ತುವ ಮನಸ್ಸಿಲ್ಲ ಎಂದರಂತೆ. ಇದನ್ನೆಲ್ಲ ಎದುರು ಮನೆಯ ತಂಗಿ ಸಂತೋಷದಿಂದ ಹೇಳಿದರು. ಕಳ್ಳಿ ಎಂಬ ಮಾತು ಕಳೆಯಿತಲ್ಲ, ಅಷ್ಟು ಸಾಕು ಎಂದರು. ಎಲ್ಲರ ಪಾಲಿಗೆ ಅಲ್ಲಿಗೆ ಕತೆ ಮುಗಿದಿತ್ತು. ನನ್ನೊಬ್ಬನಿಗೆ ಮುಗಿದಿರಲಿಲ್ಲ. ಅಕ್ಕ ಹೊಸ ವರ್ಷಕ್ಕೆ ನನಗೊಂದು ಶುಭಾಶಯ ಕಳಿಸಿದ್ದರು, ಕೆಳಗೆ 'ನಿಮ್ಮ ಉಪಕಾರ ಮರೆತಿಲ್ಲ' ಎಂದಿತ್ತು. ಅದನ್ನು ಅಳಿಸಲೂ ಆಗದೆ, ಉತ್ತರ ಬರೆಯಲೂ ಆಗದೆ ಬಿಟ್ಟಿದ್ದೆ.

ಆ ಬೇಸಿಗೆ ರಜೆಗೆ ಊರಿಗೆ ಹೋದಾಗ ಮನೆಯಲ್ಲಿ ಹೇಳಿ ಒಬ್ಬನೇ ಬಸ್ಸು ಹತ್ತಿ ಮಂಗಳೂರಿಗೆ ಇಳಿದೆ. ಹಾಸ್ಟೆಲ್ಲಿನ ಹಿಂಬದಿಯಲ್ಲಿ ಅಡುಗೆಮನೆ. ಅಕ್ಕ ದೊಡ್ಡ ಪಾತ್ರೆಯ ಮುಂದೆ ಕೂತು ಬಸಳೆ ಸೋಸುತ್ತಿದ್ದರು. ನನ್ನನ್ನು ಕಂಡು ಎದ್ದು ಸೆರಗಿಗೆ ಕೈ ಒರೆಸಿಕೊಂಡರು. ಬಾಯಿ ತುಂಬಾ ನಕ್ಕರು. ಸ್ಟೂಲು ಎಳೆದು ಹಾಕಿ, ಹೆಂಡತಿ ಮಗಳ ಕ್ಷೇಮ ಕೇಳಿದರು. ಆ ನಗುವನ್ನು ಇನ್ನಷ್ಟು ಹೊತ್ತು ನೋಡುತ್ತಾ ಕೂತರೆ ನನ್ನಿಂದ ಆಗುವುದಿಲ್ಲ ಎನಿಸಿತು.

"ಅಕ್ಕ, ಒಂದು ಮಾತು ಹೇಳಬೇಕಿತ್ತು. ಅದು ನಕಲಿ ಅಂತ ನನಗೆ ಗೊತ್ತಾಗಿದ್ದು ಸಲ್ವಾದ ಮನೆಗೆ ಬಂದ ಹಿಂದಿನ ದಿನ ಅಲ್ಲ. ನೀವು ಕೊಟ್ಟ ದಿನ ಸಂಜೆನೇ ಗೊತ್ತಾಯ್ತು."

ಅವರಿಗೆ ಮೊದಲು ಅರ್ಥವಾಗಲಿಲ್ಲ. "ಶುಕ್ರವಾರವಾ?"

"ಹೌದು. ಶುಕ್ರವಾರ."

ಅವರು ಪಾತ್ರೆಯಲ್ಲಿದ್ದ ಬಸಳೆ ಕಡ್ಡಿಗಳನ್ನು ನೋಡುತ್ತಾ ನಿಂತರು. "ನಾನು ಮಂಗಳವಾರ ಫೋನ್ ಮಾಡಿದ್ದೆ ಅಲ್ವಾ? ಆಗ ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು ಅಕ್ಕ. ಎಲ್ಲರ ಮುಂದೆ ದೊಡ್ಡದಾಗಿ ಮಾತಾಡಿದ್ದೆ."

ಹೊರಗೆ ಯಾರೋ ನೀರಿನ ಪಂಪು ಹಾಕಿದರು. ಅಕ್ಕ ಕೂತರು. ಬಸಳೆ ಸೋಸುವುದನ್ನು ಮುಂದುವರಿಸಲಿಲ್ಲ.

"ಕೆಲಸ ಹೋದದ್ದಕ್ಕೆ ನಂಗೆ ಅಷ್ಟು ಬೇಜಾರಿಲ್ಲ ಸರ್. ಹೇಗೂ ಒಂದಲ್ಲ ಒಂದು ದಿನ ಬರ್ಬೇಕಿತ್ತು. ಬಾಬಾ ಒಂದು ತಿಂಗಳು ಊಟ ಬಿಟ್ರಂತೆ, ಮೇಡಂ ಹೇಳಿದ್ರು. ಮೂಗಿಗೆ ನಳಿಗೆ ಹಾಕಿದ್ರಂತೆ. ಅವರಿಗೆ ಅದೆಲ್ಲ ಆಗುವುದಿಲ್ಲ, ಕಿತ್ತು ಬಿಸಾಡ್ತಾರೆ. ನಾನಿದ್ದಿದ್ರೆ ಅದು ಬೇಕಿರ್ಲಿಲ್ಲ."

ನಾನು ತಪ್ಪಾಯಿತು ಎಂದೆ. ಆ ಮಾತು ನನಗೇ ತೀರ ಸಣ್ಣದಾಗಿ ಕೇಳಿಸಿತು.

"ನೀವು ಬಂದು ಹೇಳಿದ್ದು ಒಳ್ಳೇದಾಯ್ತು," ಎಂದರು. "ಅಷ್ಟು ದೂರದಿಂದ ಬಂದದ್ದು ಅದಕ್ಕೇ ಅಂತ ಗೊತ್ತಾಗ್ತದೆ. ಆದ್ರೆ ಇನ್ನು ಸ್ವಲ್ಪ ಸಮಯ ನಂಗೆ ಫೋನ್ ಎಲ್ಲ ಮಾಡ್ಬೇಡಿ ಸರ್. ನಿಮ್ಮ ಬಗ್ಗೆ ನಾನು ಇಲ್ಲಿ ಎಲ್ಲರ ಹತ್ರ ಎಂತೆಲ್ಲ ಹೇಳಿಕೊಂಡಿದ್ದೆ."

ಗೇಟಿನವರೆಗೆ ಅವರು ಬರಲಿಲ್ಲ. ನಾನೂ ತಿರುಗಿ ನೋಡಲಿಲ್ಲ. ಸಂಜೆಯ ಬಸ್ಸು ಸಿಕ್ಕಿತು.

ಇದಾಗಿ ಏಳು ತಿಂಗಳು. ನಾನು ಫೋನ್ ಮಾಡಿಲ್ಲ, ಅವರೂ ಮಾಡಿಲ್ಲ. ಎದುರು ಮನೆಯ ತಂಗಿ ಆಗೀಗ ಅಕ್ಕನ ಸುದ್ದಿ ಹೇಳುತ್ತಾರೆ: ಮಂಡಿ ನೋವು ಇದೆಯಂತೆ, ಹಾಸ್ಟೆಲ್ಲಿನ ಹುಡುಗಿಯರು ಅವರನ್ನು ಬಹಳ ಹಚ್ಚಿಕೊಂಡಿದ್ದಾರಂತೆ. ಅಕ್ಕ ಈ ತಂಗಿಗೆ ನನ್ನ ವಿಷಯ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ. ತಂಗಿ ನನ್ನೊಡನೆ ಮೊದಲಿನ ಹಾಗೆಯೇ ಮಾತಾಡುತ್ತಾರೆ. ಅದನ್ನು ನೋಡಿದರೆ ಹೇಳಿಲ್ಲವೆಂದೇ ತೋರುತ್ತದೆ.